ಸಿಲ್ವಿಯಾ: ಮದ್ರಾಸಿನಲ್ಲಿ ದೊರೆತ ಕರಿಯ ಕ್ಷುದ್ರಗ್ರಹ

ಕಿತ್ತೂರಿನ ಕೋಟೆಯನ್ನು ನೋಡಿಬಂದವರಿಗೆ ಅಲ್ಲಿಯ ಹಾಳುಬಿದ್ದ ಅರಮನೆಯ ಗೋಡೆಯೊಳಗಿನ ಕಿಂಡಿಯು ನೆನಪಿರಬಹುದು. ಅದರ ಮೂಲಕ ಧ್ರುವ ನಕ್ಷತ್ರವನ್ನು ನೋಡುತ್ತಿದ್ದರೆಂದು ಹೇಳಿ ಬಂದವರಿಗೆಲ್ಲ ತೋರಿಸುವ ರೂಢಿಯುಂಟು. ಈ ಮಾತು ಶಾಸ್ತ್ರಕ್ಕೆ ಒಪ್ಪುವಂಥದೇ ಆಗಿದೆ. ನಾವು ನಿಂತ ಸ್ಥಳದ ಅಕ್ಷಾಂಶವೆಷ್ಟೋ, ಧ್ರುವನು ಉತ್ತರ ಕ್ಷಿತಿಜದಿಂದ ಹೆಚ್ಚು ಕಡಿಮೆ ಅಷ್ಟೇ ಅಂಶ ಎತ್ತರದಲ್ಲಿ ಕಾಣುವನು. ಕಿತ್ತೂರಿನಲ್ಲಿ ಅದು ಸುಮಾರು ಹದಿನೈದೂವರೆ ಅಂಶ. ತೋಳನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲವು ಹತ್ತು ಅಂಶದಷ್ಟಾಗುತ್ತದೆ. ಆದುದರಿಂದ ನಮ್ಮ ಕಡೆಯವರು ಉತ್ತರಕ್ಕೆ ಮುಖಮಾಡಿ ಒಂದೂವರೆ ಮುಷ್ಟಿಯಷ್ಟು ಮೇಲಕ್ಕೆ ನೋಡಿದರೆ ಧ್ರುವನು ಸಿಕ್ಕುವನು. ಯಾವ ಋತುವಿನಲ್ಲಿ, ರಾತ್ರಿಯ ಯಾವ ಜಾವದಲ್ಲಿ ನೋಡಿದರೂ ಅವನು ಅಲ್ಲಿಂದ ಕದಲಿದಂತೆ ತೋರುವುದಿಲ್ಲ. ಇದರಿಂದಲೇ ಗೋಡೆಯಲ್ಲಿಯ ಒಂದು ಕಿಂಡಿಯು ಅವನ ದರ್ಶನಕ್ಕೆ ಸಾಕಾಯಿತು.

ಉಳಿದ ನಕ್ಷತ್ರಗಳು ಮೂಡಿ ಮುಳುಗುತ್ತವೆಯಾದರೂ ಒಂದಕ್ಕೊಂದು ಇರುವ ದೂರವನ್ನು ಅವು ಬದಲಿಸುವುದಿಲ್ಲ. ಕೃತ್ತಿಕೆಯ ಗುಂಪು ನಮ್ಮ ಅಜ್ಜಿಯರು ಕಂಡಂತೆಯೇ ಇಂದಿಗೂ ಇದೆ. ಆದರೆ ಈ ಸ್ಥಿರವಾದ ಜಾತ್ರೆಯ ನಡುವೆ ಕೆಲವು ಚುಕ್ಕೆಗಳು ಮಾತ್ರ ಇಂದು ಇಲ್ಲಿ, ನಾಳೆ ಅದರ ಪಕ್ಕದಲ್ಲಿ, ನಾಡದು ಇನ್ನೂ ಆಚೆಗೆ ಸರಿಯುತ್ತವೆ. ಇವೇ ಗ್ರಹಗಳು. ಬರಿಗಣ್ಣಿಗೆ ಕಾಣುವ ಗ್ರಹಗಳು ಐದೇ ಐದು. ಕಣ್ಣಿಗೆ ಕಾಣದೆ ಹೀಗೆ ಸರಿಯುವ ಚಿಕ್ಕ ಗ್ರಹಗಳಾದರೋ ಲಕ್ಷೋಪಲಕ್ಷ. ಅಂಥವುಗಳಲ್ಲಿ ದೊಡ್ಡದೂ ಬಲು ಕರಿದೂ ಆದ ಒಂದನ್ನು ಕುರಿತು ಈ ಸ್ಮಾರಕ ಸಂಚಿಕೆಯಲ್ಲಿ ನಾವು ಬರೆಯಬೇಕೆಂದಿದ್ದೇವೆ.

ಹೀಗೆ ಬರೆಯಲು ಕಾರಣವಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯಿಂದ ಬರುವ ಪಾಲಕರಲ್ಲಿ ಕೆಲವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಹೆಣ್ಣುಮಗಳಿಗೆ ಇಷ್ಟು ಗಣಿತ, ಇಷ್ಟು ವಿಜ್ಞಾನ ಏತಕ್ಕೆ? ಮನೆಯ ಲೆಕ್ಕವನ್ನು ಬರೆಯುವಷ್ಟು ಬಂದರೆ ಸಾಲದೇ? ಪ್ರಶ್ನೆಯು ಪ್ರಾಮಾಣಿಕವಾದುದು. ಹತ್ತನೆಯ ಇಯತ್ತೆಯನ್ನು ಮುಗಿಸಿದ ಮಗಳನ್ನು ಮುಂದೆ ಯಾವ ಶಾಖೆಗೆ ಕಳಿಸಬೇಕೆಂಬುದು ಆ ಮನೆಗೆ ಸಣ್ಣ ವಿಷಯವಲ್ಲ. ಉಪದೇಶದಿಂದ ಇದಕ್ಕೆ ಉತ್ತರ ಕೊಡುವುದಕ್ಕಿಂತ ಒಂದು ಪಾಠವನ್ನೇ ಪಾಲಕರ ಮುಂದಿಡುವುದು ನಮಗೆ ಮೇಲೆಂದು ತೋರಿತು. ಕ್ಷುದ್ರಗ್ರಹಗಳ ಪಾಠವನ್ನು ಹೇಳುವಾಗ ಒಬ್ಬ ಹುಡುಗಿ, “ಅಕ್ಕಾರ, ಅದು ಅಷ್ಟು ಕರ್ರಗಿದ್ರ ಕಂಡದ್ದರ ಹ್ಯಾಂಗ್ರಿ?” ಎಂದು ಕೇಳಿದಳು. ಈ ಲೇಖನವು ಬಹುಮಟ್ಟಿಗೆ ಅವಳ ಪ್ರಶ್ನೆಗೆ ಉತ್ತರ.

ಮಂಗಳ ಮತ್ತು ಗುರುಗ್ರಹಗಳ ನಡುವೆ ಅಗಲವಾದ ಒಂದು ಬಯಲಿದೆ. 1801ರ ಜನವರಿ 1ರಂದು ಸಿಸಿಲಿ ದ್ವೀಪದ ಪಲೆರ್ಮೊ ಪಟ್ಟಣದಲ್ಲಿ ಪಿಯಾಜ್ಜಿ ಎಂಬ ಪಾದ್ರಿಯವರು ಆ ಬಯಲಿನಲ್ಲಿ ಸಿರಿಸ್ ಎಂಬ ಚಿಕ್ಕ ಗ್ರಹವನ್ನು ಕಂಡರು. ಅಲ್ಲಿಂದ ಮುಂದೆ ಒಂದಾದ ಮೇಲೊಂದು ದೊರೆಯುತ್ತ ಹೋದವು. ಕಂಡುಹಿಡಿದು ಕಕ್ಷೆಯನ್ನು ಗಟ್ಟಿಮಾಡಿ ಕ್ರಮಾಂಕ ಕೊಟ್ಟ ಕ್ಷುದ್ರಗ್ರಹಗಳ ಸಂಖ್ಯೆ ಈಗ ಏಳು ಲಕ್ಷವನ್ನು ಮೀರಿದೆ; ಅವುಗಳಲ್ಲಿ ಹೆಚ್ಚಿನವು ಈ ಬಯಲಿನವೇ. ಇದಕ್ಕೆ ಕ್ಷುದ್ರಗ್ರಹಗಳ ಪ್ರಧಾನ ಪಟ್ಟಿಯೆಂದು ಹೆಸರು. ನಮ್ಮ ಲೇಖನದ ವಿಷಯವಾದ ಗ್ರಹವು ಅಷ್ಟರಲ್ಲಿ 87ನೆಯದು. ಅದರ ಹೆಸರು ಸಿಲ್ವಿಯಾ. ಅದು ಮೊದಲು ಮನುಷ್ಯರ ಕಣ್ಣಿಗೆ ಬಿದ್ದುದು ಯುರೋಪಿನಲ್ಲಿ ಅಲ್ಲ, ಮದ್ರಾಸಿನ ನುಂಗಂಬಾಕ್ಕಮಿನಲ್ಲಿ, 1866ರ ಮೇ 16ರಂದು.

ಮದ್ರಾಸಿನ ವೇಧಶಾಲೆಯನ್ನು ವಿಲಿಯಂ ಪೆಟ್ರಿ ಎಂಬ ಕಂಪನಿಯ ಅಧಿಕಾರಿಯು 1786ರಲ್ಲಿ ತನ್ನ ಸ್ವಂತಕ್ಕೆಂದು ಆರಂಭಿಸಿದ್ದನು. 1792ರಲ್ಲಿ ಅದು ಕಂಪನಿ ಸರಕಾರದ ಕಟ್ಟಡದೊಳಗೆ ನೆಲೆಗೊಂಡಿತು. 1861ರಲ್ಲಿ ಅದರ ಮುಖ್ಯಸ್ಥರಾಗಿ ಬಂದವರು ನಾರ್ಮನ್ ರಾಬರ್ಟ್ ಪಾಗ್ಸನ್. ಇಂಗ್ಲೆಂಡಿನಲ್ಲಿಯೇ ಮೂರು ಕ್ಷುದ್ರಗ್ರಹಗಳನ್ನು ಕಂಡುಹಿಡಿದಿದ್ದ ಇವರು ಬಂದ ವರ್ಷವೇ, ಏಪ್ರಿಲ್ 17ರಂದು, ಮದ್ರಾಸಿನಿಂದ ಮತ್ತೊಂದನ್ನು ಕಂಡರು. ಈ ಖಂಡದಿಂದ ದೊರೆತ ಮೊದಲನೆಯ ಕ್ಷುದ್ರಗ್ರಹವಾದ್ದರಿಂದ ಅದಕ್ಕೆ ಏಷಿಯಾ ಎಂದೇ ಹೆಸರಾಯಿತು. 1864ರಲ್ಲಿ ದೊರೆತುದಕ್ಕೆ ಗ್ರೀಕರ ಕವಯಿತ್ರಿ ಸ್ಯಾಫೋಳ ಹೆಸರನ್ನಿಟ್ಟರು. 1866ರಲ್ಲಿ ಸಿಲ್ವಿಯಾ, 1868ರಲ್ಲಿ ಕ್ಯಾಮಿಲಾ, 1885ರಲ್ಲಿ ವೆರಾ. ಹೀಗೆ ಮದ್ರಾಸಿನಿಂದ ಐದು.

ಕಂಡುಹಿಡಿಯುವ ರೀತಿಯು ಕೇಳಲು ಸುಲಭ, ಮಾಡಲು ಕಷ್ಟ. ಆಗ ಆಕಾಶದ ಛಾಯಾಚಿತ್ರ ತೆಗೆಯುವ ಪದ್ಧತಿ ಇರಲಿಲ್ಲ. ಆಕಾಶದ ಒಂದು ತುಂಡನ್ನು ಆರಿಸಿಕೊಂಡು ದುರ್ಬೀನಿನಲ್ಲಿ ಕಾಣುವ ಪ್ರತಿಯೊಂದು ಚುಕ್ಕೆಯನ್ನೂ ಕಾಗದದ ಮೇಲೆ ಅದರದರ ಸ್ಥಾನದಲ್ಲಿ ಗುರುತಿಸಬೇಕು. ಮುಂದಿನ ರಾತ್ರಿಗಳಲ್ಲಿ ಅದೇ ತುಂಡನ್ನು ಮತ್ತೆ ನೋಡಿ ನಕಾಶೆಯೊಡನೆ ಹೋಲಿಸಬೇಕು. ಎಲ್ಲ ಚುಕ್ಕೆಗಳೂ ತಮ್ಮ ತಮ್ಮ ಜಾಗದಲ್ಲಿದ್ದು ಒಂದು ಮಾತ್ರ ಸರಿದಿದ್ದರೆ ಅದನ್ನು ಹಿಡಿದು ಹಿಂಬಾಲಿಸಬೇಕು. ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ ಬಂದಾಗ ಸಿಲ್ವಿಯಾ ಒಂದು ದಿನಕ್ಕೆ ಸರಿಯುವುದು ಹುಣ್ಣಿಮೆಯ ಚಂದ್ರನ ಅಗಲದ ಮೂರನೆಯ ಒಂದು ಪಾಲಿನಷ್ಟು ಮಾತ್ರ. ಅಕ್ಕಿಯನ್ನು ಆರಿಸುವಾಗ ಮೊರದೊಳಗಿನ ಒಂದೇ ಹರಳು ಕಣ್ಣಿಗೆ ಬೀಳುವಂತೆ ಇದನ್ನೂ ಅಭ್ಯಾಸವಾದ ಕಣ್ಣೇ ಹಿಡಿಯಬೇಕು.

ಅದರ ಬೆಳಕಾದರೂ ಎಷ್ಟು? ನಕ್ಷತ್ರಗಳ ಕಾಂತಿಯನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಮಾನವನ್ನು 1856ರಲ್ಲಿ ಸೂಚಿಸಿದವರು ಈ ಪಾಗ್ಸನ್ನರೇ. ಕಾಂತಿಯ ಒಂದು ದರ್ಜೆಗೂ ಮುಂದಿನ ದರ್ಜೆಗೂ 2.512 ಪಟ್ಟು ಅಂತರ. ಐದು ದರ್ಜೆ ಇಳಿದರೆ ಬೆಳಕು ಸರಿಯಾಗಿ ನೂರನೆಯ ಒಂದು ಪಾಲಾಗುತ್ತದೆ, 2.512ನ್ನು ಐದು ಸಲ ಗುಣಿಸಿ ನೋಡಬಹುದು. ಬರಿಗಣ್ಣಿಗೆ ಕಾಣುವುದು ಆರನೆಯ ದರ್ಜೆಯವರೆಗೆ. ಸಿಲ್ವಿಯಾ ನಮಗೆ ಹತ್ತಿರ ಬಂದಾಗಲೂ ಹನ್ನೊಂದು ಹನ್ನೆರಡನೆಯ ದರ್ಜೆಯದು. ಹನ್ನೆರಡೆಂದೇ ಹಿಡಿದರೆ, ಕತ್ತಲೆಯ ರಾತ್ರಿಯಲ್ಲಿ ಯಲ್ಲಮ್ಮನ ಗುಡ್ಡದ ಮೇಲಿಂದ ಪ್ರಯಾಸಪಟ್ಟು ಕಾಣಬಹುದಾದ ಅತಿ ಮಂದ ನಕ್ಷತ್ರಕ್ಕಿಂತಲೂ ಅದು 250 ಪಟ್ಟು ಮಂದ.

ಇಲ್ಲಿಯೇ ನಮ್ಮ ಹುಡುಗಿಯ ಪ್ರಶ್ನೆ ಬರುತ್ತದೆ. ಇಷ್ಟು ಮಂದವಾಗಿರುವುದರಿಂದ ಅದು ಚಿಕ್ಕದಾಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಮಂದವಾಗಿ ಕಾಣುವುದಕ್ಕೆ ಎರಡು ಕಾರಣಗಳಿರಬಹುದು: ವಸ್ತುವು ಚಿಕ್ಕದಾಗಿರಬಹುದು, ಇಲ್ಲವೆ ದೊಡ್ಡದಾಗಿದ್ದರೂ ಕರಿದಾಗಿರಬಹುದು. ಸ್ವಂತ ಬೆಳಕಿಲ್ಲದ ಗ್ರಹಗಳೆಲ್ಲ ಸೂರ್ಯನ ಬೆಳಕನ್ನೇ ಮರಳಿಸುತ್ತವೆ. ಹಾಲಿನಂತೆ ಬೆಳ್ಳಗೆ ತೋರುವ ನಮ್ಮ ಚಂದ್ರನು ಕೂಡ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ 100ಕ್ಕೆ ಸುಮಾರು 12 ಪಾಲನ್ನಷ್ಟೇ ಮರಳಿಸುವನು. ವೆಸ್ತಾ ಎಂಬ ಕ್ಷುದ್ರಗ್ರಹವು 40ರಷ್ಟನ್ನು ಮರಳಿಸುವುದರಿಂದ ಕೆಲವೊಮ್ಮೆ ಬರಿಗಣ್ಣಿಗೂ ಕಾಣುತ್ತದೆ. ಸಿಲ್ವಿಯಾ ಮರಳಿಸುವುದು 100ಕ್ಕೆ ಸುಮಾರು 4. ಬೈಲಹೊಂಗಲದ ಎರೆಭೂಮಿಯ ಕಪ್ಪನ್ನು ನೆನೆದುಕೊಂಡರೆ ಸಾಲದು. ರೊಟ್ಟಿ ಬೇಯಿಸುವ ಹಂಚಿನ ತಳದಲ್ಲಿ ಕಟ್ಟಿದ ಮಸಿ, ಇಲ್ಲವೆ ಒಲೆಯಲ್ಲಿ ಆರಿದ ಇದ್ದಲಿ, ಇವು ಹತ್ತಿರದ ಉಪಮಾನಗಳು. ಅಂಥ ಮಸಿಯ ಗುಡ್ಡವೊಂದು ಭೂಮಿಯಿಂದ ಮೂವತ್ತೇಳು ಕೋಟಿ ಕಿಲೋಮೀಟರಿನಾಚೆ ತೇಲುತ್ತಿದೆಯೆಂದು ಭಾವಿಸಿರಿ.

ದೊಡ್ಡದೋ ಕರಿದೋ ಎಂಬುದನ್ನು ಬಿಡಿಸುವ ಉಪಾಯವು ನಮ್ಮ ಅಂಗಳದಲ್ಲಿಯೇ ಇದೆ. ಬೇಸಗೆಯ ಬಿಸಿಲಿನಲ್ಲಿ ಒಂದು ಕರಿಯ ಕಂಬಳಿಯನ್ನೂ ಒಂದು ಬಿಳಿಯ ಧೋತರವನ್ನೂ ಹರವಿ, ಅರ್ಧ ತಾಸಿನ ತರುವಾಯ ಎರಡನ್ನೂ ಮುಟ್ಟಿ ನೋಡಿರಿ. ಬೆಳಕನ್ನು ಮರಳಿಸದೆ ನುಂಗಿದ ಕಂಬಳಿಯು ಸುಡುತ್ತಿರುವುದು. ನುಂಗಿದ ಬೆಳಕು ಶಾಖವಾಗಿ ಹೊರಗೆ ಬರಲೇ ಬೇಕು. ಆದುದರಿಂದ ಒಂದು ಕ್ಷುದ್ರಗ್ರಹವು ಕಣ್ಣಿಗೆ ಕಾಣುವ ಬೆಳಕನ್ನು ಎಷ್ಟು ಕೊಡುತ್ತದೆ, ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಎಷ್ಟು ಕೊಡುತ್ತದೆ ಎಂಬ ಎರಡನ್ನೂ ಅಳೆದು ಹೋಲಿಸಿದರೆ ಅದರ ಗಾತ್ರವೂ ಕಪ್ಪೂ ಒಟ್ಟಿಗೆ ತಿಳಿಯುತ್ತವೆ. 1983ರಲ್ಲಿ ಭೂಮಿಯ ಸುತ್ತ ಹತ್ತು ತಿಂಗಳು ಕೆಲಸಮಾಡಿದ ಐರಾಸ್ ಎಂಬ ಕೃತಕ ಉಪಗ್ರಹವು ಸಾವಿರಾರು ಕ್ಷುದ್ರಗ್ರಹಗಳ ಶಾಖವನ್ನು ಹೀಗೆ ಅಳೆಯಿತು.

ಬೆಳಕನ್ನಷ್ಟೇ ನಂಬಿ, ಸಿಲ್ವಿಯಾ ಚಂದ್ರನಷ್ಟೇ ಬೆಳ್ಳಗಿದೆಯೆಂದು ಎಣಿಸಿದ್ದರೆ ಅದರ ಅಡ್ಡಗಲವು 160 ಕಿಲೋಮೀಟರಿನ ಆಸುಪಾಸು ಬರುತ್ತಿತ್ತು. ನಿಜವಾದ ಸರಾಸರಿ ಅಡ್ಡಗಲ ಸುಮಾರು 270 ಕಿಲೋಮೀಟರು. ಅದು ಗುಂಡಗಿಲ್ಲ, ಉದ್ದಕ್ಕೆ ಹಿಗ್ಗಿದ ಬಟಾಟೆಯ ಆಕಾರದ್ದಾಗಿದ್ದು, ನೀಳವಾದ ಕಡೆ 360 ಕಿಲೋಮೀಟರಿನಷ್ಟೂ ಮೋಟಾದ ಕಡೆ 190ರಷ್ಟೂ ಇದೆ. ಕಿತ್ತೂರಿನಿಂದ ರಾಮದುರ್ಗಕ್ಕೆ ದಾರವನ್ನು ನೇರವಾಗಿ ಎಳೆದರೆ 70 ಕಿಲೋಮೀಟರಿಗೆ ತುಸು ಕಡಿಮೆ. ಬೈಲಹೊಂಗಲವೂ ಸವದತ್ತಿಯೂ ಆ ದಾರದಿಂದ ಬಹಳ ದೂರವಿಲ್ಲ. ನಮ್ಮ ಈ ನಾಲ್ಕು ಊರುಗಳ ಸೀಮೆಯನ್ನು ಸಿಲ್ವಿಯಾದ ಉದ್ದಕ್ಕೆ ಐದು ಸಲ ಹಾಸಬಹುದು. ಇಡೀ ಪ್ರಧಾನ ಪಟ್ಟಿಯಲ್ಲಿ ಗಾತ್ರದಿಂದ ಎಣಿಸುತ್ತ ಬಂದರೆ ಅದು ಮೊದಲ ಹತ್ತರ ಆಸುಪಾಸಿನಲ್ಲಿಯೇ ಸಿಕ್ಕುತ್ತದೆ.

ಸಿಲ್ವಿಯಾ ಸೂರ್ಯನನ್ನು ಒಮ್ಮೆ ಸುತ್ತಲು ಆರೂವರೆ ವರ್ಷ ಬೇಕು. ಪಾಗ್ಸನ್ನರು ಕಂಡಂದಿನಿಂದ ಇಂದಿನವರೆಗೆ ಅದು ಸುಮಾರು ಇಪ್ಪತ್ತನಾಲ್ಕು ಪ್ರದಕ್ಷಿಣೆಗಳನ್ನು ಮುಗಿಸಿದೆ. ತನ್ನ ಸುತ್ತ ತಾನು ತಿರುಗುವುದರಲ್ಲಾದರೆ ಬಲು ಚುರುಕು: 5 ತಾಸು 11 ನಿಮಿಷಕ್ಕೆ ಒಂದು ಸುತ್ತು. ಬೆಳಿಗ್ಗೆ ನಮ್ಮ ಶಾಲೆಯ ಪ್ರಾರ್ಥನೆಗೆ ಹೊತ್ತು ಹುಟ್ಟಿದರೆ ಸಂಜೆಯ ಗಂಟೆ ಹೊಡೆಯುವುದರೊಳಗೆ ಅಲ್ಲಿ ಒಂದು ಹಗಲೂ ಒಂದು ರಾತ್ರಿಯೂ ಕಳೆದು ಮತ್ತೆ ಬೆಳಗಾಗಿರುವುದು. ಅಲ್ಲಿಯ ಸೆಳೆತವು ಸರಾಸರಿ ನಮ್ಮದರ 190ನೆಯ ಒಂದು ಪಾಲು. ಒಂದು ಕ್ವಿಂಟಲ್ ಜೋಳದ ಚೀಲವನ್ನು ಅಲ್ಲಿ ಎತ್ತಿದರೆ ಅರ್ಧ ಕಿಲೋ ಎತ್ತಿದಂತೆ ಕೈಗೆ ತೋರುವುದು.

ಇನ್ನು ಪಾಗ್ಸನ್ನರ ಕಾಲಕ್ಕೆ ಯಾರ ಕಲ್ಪನೆಗೂ ಬಾರದಿದ್ದ ಸಂಗತಿ. 2001ರ ಫೆಬ್ರುವರಿಯಲ್ಲಿ ಹವಾಯಿಯ ಪರ್ವತದ ಮೇಲಿನ ಕೆಕ್ ದುರ್ಬೀನಿನಿಂದ ನೋಡಿದ ಮೈಕೆಲ್ ಬ್ರೌನ್ ಮತ್ತು ಜಾನ್-ಲೂಕ್ ಮಾರ್ಗೊ ಎಂಬವರಿಗೆ ಸಿಲ್ವಿಯಾದ ಪಕ್ಕದಲ್ಲಿ ಒಂದು ಮಂದವಾದ ಚುಕ್ಕೆ ಕಾಣಿಸಿತು. ಅದು ಸಿಲ್ವಿಯಾವನ್ನೇ ಸುತ್ತುತ್ತಿತ್ತು. 2004ರಲ್ಲಿ ಚಿಲಿ ದೇಶದ ದೊಡ್ಡ ದುರ್ಬೀನಿನಿಂದ ಫ್ರಾಂಕ್ ಮಾರ್ಶಿ ಮತ್ತು ಸಂಗಡಿಗರು ಎರಡನೆಯ ಚುಕ್ಕೆಯನ್ನು ಕಂಡು 2005ರಲ್ಲಿ ಪ್ರಕಟಿಸಿದರು. ಎರಡು ಉಪಗ್ರಹಗಳುಳ್ಳ ಕ್ಷುದ್ರಗ್ರಹವು ಲೋಕಕ್ಕೆ ತಿಳಿದುದು ಇದೇ ಮೊದಲು. ಕಾದ ಹಂಚಿನ ಮೇಲಿನ ಗಾಳಿಯು ನಡುಗಿ ಆಚೆಯ ವಸ್ತುಗಳು ಅಲುಗಾಡಿದಂತೆ ಕಾಣುವುದನ್ನು ನೀವೆಲ್ಲರೂ ಬಲ್ಲಿರಿ. ಭೂಮಿಯ ಗಾಳಿಯು ನಕ್ಷತ್ರಗಳ ಬೆಳಕಿಗೆ ಮಾಡುವುದೂ ಅದನ್ನೇ. ಈ ದುರ್ಬೀನುಗಳಲ್ಲಿ ಒಂದು ತೆಳುವಾದ ಕನ್ನಡಿಯನ್ನು ಸೆಕೆಂಡಿಗೆ ನೂರಾರು ಸಲ ಬಾಗಿಸಿ ಆ ನಡುಕವನ್ನು ಸರಿಪಡಿಸುತ್ತಾರೆ. ಅದರಿಂದ ಈ ಸಣ್ಣ ಚುಕ್ಕೆಗಳು ಬೇರ್ಪಟ್ಟು ಕಂಡವು.

ಸಿಲ್ವಿಯಾ ಎಂಬುದು ರೋಮಿನ ಪುರಾಣದಲ್ಲಿ ಅವಳಿಮಕ್ಕಳ ತಾಯಿಯ ಹೆಸರು. ನದಿಗೆ ಎಸೆಯಲ್ಪಟ್ಟು ತೋಳದ ಹಾಲು ಕುಡಿದು ಬದುಕಿದ ರೋಮುಲಸ್ ಮತ್ತು ರೀಮಸ್ ಎಂಬ ಆ ಮಕ್ಕಳ ಹೆಸರುಗಳನ್ನೇ ಎರಡು ಉಪಗ್ರಹಗಳಿಗೆ ಇಟ್ಟರು. ನಾಮಕರಣವಾದ 139 ವರ್ಷಗಳ ಮೇಲೆ ತಾಯಿಯ ಪಕ್ಕದಲ್ಲಿ ಮಕ್ಕಳು ಕಂಡುಬಂದರೆಂಬುದು ಕೇಳಲು ಕಟ್ಟುಕಥೆಯಂತಿದೆ!

ಇವುಗಳಿಂದ ಬಂದ ಲಾಭವು ಹೆಸರಿಗಿಂತ ದೊಡ್ಡದು. ಕಣದಲ್ಲಿ ಮೇಟಿಗೆ ಕಟ್ಟಿ ಹಂತಿ ಹೊಡೆಯುವಾಗ ಮೇಟಿಯ ಹತ್ತಿರದ ಎತ್ತು ಮೆಲ್ಲಗೆ, ಹೊರಗಿನ ಎತ್ತು ಬೇಗ ನಡೆಯಬೇಕಾಗುತ್ತದೆ. ಆಕಾಶದಲ್ಲಿ ಇದಕ್ಕೆ ವಿರುದ್ಧವಾಗಿ ಒಳಗಿನದೇ ಬೇಗ ಓಡುತ್ತದೆ. 2005ರಲ್ಲಿ ಪ್ರಕಟವಾದ ಅಳತೆಗಳಂತೆ ರೋಮುಲಸ್ 1356 ಕಿಲೋಮೀಟರು ದೂರದಲ್ಲಿ 3.65 ದಿನಕ್ಕೊಮ್ಮೆ ಸುತ್ತುತ್ತದೆ. ರೀಮಸ್ 706 ಕಿಲೋಮೀಟರು ದೂರದಲ್ಲಿ 1.38 ದಿನಕ್ಕೊಮ್ಮೆ. ನಾಲ್ಕು ನೂರು ವರ್ಷಗಳ ಹಿಂದೆ ಕೆಪ್ಲರನು ಹೇಳಿದ ನಿಯಮವನ್ನು ಹತ್ತನೆಯ ಇಯತ್ತೆಯ ಯಾವ ಹುಡುಗಿಯೂ ಇಲ್ಲಿ ಪರೀಕ್ಷಿಸಬಲ್ಲಳು. ದೂರದ ಘನವನ್ನು ಕಾಲದ ವರ್ಗದಿಂದ ಭಾಗಿಸಬೇಕು. ರೋಮುಲಸಿಗೆ ಬರುವುದು ಸುಮಾರು 18 ಕೋಟಿ 72 ಲಕ್ಷ. ರೀಮಸಿಗೆ 18 ಕೋಟಿ 48 ಲಕ್ಷ. ನೂರಕ್ಕೆ ಒಂದೆರಡರಷ್ಟು ಬಂದ ಈ ಅಂತರವು ಅಳತೆಯ ದೋಷದೊಳಗಿನದು. ಎರಡೂ ಒಂದೇ ಆಗಬೇಕಾದುದು ನಿಯಮ. ಏಕೆಂದರೆ ಎರಡನ್ನೂ ಹಿಡಿದಿರುವುದು ಒಂದೇ ಸಿಲ್ವಿಯಾದ ತೂಕ. ಪಾಲಕರು ಮನೆಯಲ್ಲಿ ಮಗಳ ಕೈಯಿಂದ ಈ ಲೆಕ್ಕವನ್ನು ಒಮ್ಮೆ ಮಾಡಿಸಿ ನೋಡಬೇಕೆಂದು ನಮ್ಮ ಬಿನ್ನಹ. ಯಾರೂ ಮುಟ್ಟದ, ಯಾರೂ ಹೋಗದ ಒಂದು ಗುಡ್ಡವನ್ನು ಅವಳು ಆಗ ತಕ್ಕಡಿಗೆ ಹಾಕಿರುತ್ತಾಳೆ.

ತೂಕವನ್ನು ಗಾತ್ರದಿಂದ ಭಾಗಿಸಿದಾಗ ಆಶ್ಚರ್ಯವೊಂದು ಹೊರಬಿತ್ತು. ನವಿಲುತೀರ್ಥದಲ್ಲಿ ಮಲಪ್ರಭೆಯು ಕೊರೆದುಕೊಂಡು ಹೋದ ಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಸಿಲ್ವಿಯಾ ಒಟ್ಟಿನಲ್ಲಿ ನೀರಿಗಿಂತ ಒಂದೂವರೆ ಪಟ್ಟು ಕೂಡ ಭಾರವಿಲ್ಲ. ಎಂದರೆ ಅದು ಗಟ್ಟಿಯಾದ ಒಂದೇ ಬಂಡೆಯಲ್ಲ. ಹೊಲದ ಬದುವಿನಲ್ಲಿ ಆರಿಸಿ ಒಟ್ಟಿದ ಕಲ್ಲುಗುಪ್ಪೆಯಂತೆ ನಡುನಡುವೆ ಬಿರುಕು ಪೊಟರೆಗಳಿರಬೇಕು, ಹಿಮವೂ ಸೇರಿರಬೇಕು. ಹಿಂದೊಮ್ಮೆ ಮತ್ತೊಂದು ಕಾಯವು ಇದಕ್ಕೆ ಅಪ್ಪಳಿಸಿದಾಗ ಎದ್ದ ಚೂರುಗಳಿಂದ ಈ ಉಪಗ್ರಹಗಳು ಹುಟ್ಟಿದವೆಂದು ಎಣಿಸುತ್ತಾರೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಹೊರಗೆ ಇಷ್ಟು ಸಡಿಲವಾದರೂ ಒಳಗೆ ಭಾರವಾದ ಗರ್ಭವೊಂದಿರಬೇಕೆಂದು ಉಪಗ್ರಹಗಳ ನಡೆಯಿಂದಲೇ ತರ್ಕಿಸಿದೆ. ಕ್ಯಾಮಿಲಾ ಕೂಡ ಹೀಗೆಯೇ ದೊಡ್ಡದು, ಕರಿದು. ಅದಕ್ಕೂ ಒಂದು ಉಪಗ್ರಹ 2001ರಲ್ಲಿ, ಇನ್ನೊಂದು 2016ರಲ್ಲಿ ಕಂಡುಬಂದಿತು. ಮದ್ರಾಸಿನ ಐದರಲ್ಲಿ ಎರಡು ಹೀಗೆ ಮಕ್ಕಳೊಂದಿಗರಾದವು.

ಕ್ಷುದ್ರಗ್ರಹಗಳ ಚೂರುಗಳು ನಮ್ಮ ನಾಡಿಗೂ ಬಿದ್ದಿವೆ. 1865ರಲ್ಲಿ ಮೈಸೂರು ಸೀಮೆಯ ಮದ್ದೂರಿನಲ್ಲಿ, ಸಿಲ್ವಿಯಾ ಕಾಣಿಸುವುದಕ್ಕೆ ಒಂದೇ ತಿಂಗಳು ಮುಂಚೆ 1866ರ ಏಪ್ರಿಲಿನಲ್ಲಿ ಉಡುಪಿಯಲ್ಲಿ ಉಲ್ಕಾಶಿಲೆಗಳು ಬಿದ್ದುದು ದಾಖಲಾಗಿದೆ. ಅವು ಸಾಮಾನ್ಯ ಜಾತಿಯ ಕಲ್ಲುಗಳು. ಇದ್ದಲಿನ ಅಂಶವುಳ್ಳ ಕರಿಯ ಜಾತಿಯದು ಅಪರೂಪ. ಅಂಥದೊಂದು 2017ರ ಜೂನಿನಲ್ಲಿ ಜಯಪುರದ ಹತ್ತಿರದ ಮುಕುಂದಪುರದಲ್ಲಿ ಬಿದ್ದಿತು.

ವೇಧಶಾಲೆಯೆಂದರೆ ಒಬ್ಬರೇ ಕುಳಿತು ದುರ್ಬೀನನ್ನು ನೋಡುವುದೆಂದು ನಮ್ಮ ಹುಡುಗಿಯರು ಭಾವಿಸುವುದುಂಟು. ಒಂದು ರಾತ್ರಿಯ ನೋಟಕ್ಕೆ ಎಷ್ಟೋ ಹಗಲುಗಳ ಲೆಕ್ಕ ಬೇಕಾಗುತ್ತದೆ. ಮದ್ರಾಸಿನಲ್ಲಿ ಆ ಭಾರವನ್ನು ಹೊತ್ತವರಲ್ಲಿ ಇಬ್ಬರನ್ನು ಇಲ್ಲಿ ನೆನೆಯಲೇ ಬೇಕು.

ಒಬ್ಬರು ಚಿಂತಾಮಣಿ ರಘುನಾಥಾಚಾರಿಗಳು. 1867ರಲ್ಲಿ ಕಾಂತಿಯು ಹೆಚ್ಚು ಕಡಿಮೆಯಾಗುವ ಒಂದು ನಕ್ಷತ್ರವನ್ನು ಇವರು ಕಂಡುಹಿಡಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವು ನಮ್ಮ ಸೀಮೆಗೂ ಸಂಬಂಧಪಟ್ಟುದು: ಅದನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರು ರಾಮದುರ್ಗಕ್ಕೆ ಸಮೀಪದ ಜಮಖಂಡಿಯಲ್ಲಿ ಬೀಡುಬಿಟ್ಟರು, ಪಾಗ್ಸನ್ನರು ಮಸುಲಿಪಟ್ಟಣಕ್ಕೆ, ರಘುನಾಥಾಚಾರಿಗಳು ವನಪರ್ತಿಗೆ ಹೋದರು. 1874ರ ಶುಕ್ರ ಸಂಕ್ರಮಣವನ್ನು ಜನರಿಗೆ ತಿಳಿಸಲೆಂದು ಇವರು ಬರೆದ ಪುಸ್ತಕವು ಭಾರತದ ಹಲವು ಭಾಷೆಗಳಲ್ಲಿ ಪ್ರಕಟವಾಯಿತು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರಾನಾಮಿಕಲ್ ಸೊಸಾಯಿಟಿಯು ಇವರನ್ನು ಸದಸ್ಯರನ್ನಾಗಿ ಚುನಾಯಿಸಿತು.

ಇನ್ನೊಬ್ಬರು ಪಾಗ್ಸನ್ನರ ಮಗಳು ಎಲಿಜಬೆತ್ ಐಸಿಸ್. 1852ರಲ್ಲಿ ಹುಟ್ಟಿದ ಇವರು ಹಸುಳೆಯಾಗಿದ್ದಾಗಲೇ, 1856ರಲ್ಲಿ, ತಂದೆಯು ಕಂಡ ಕ್ಷುದ್ರಗ್ರಹಕ್ಕೆ ಇವರ ಹೆಸರು ಬಂದಿತ್ತು. ಸಿಲ್ವಿಯಾ ದೊರೆತಾಗ ಹದಿಮೂರರ ಹುಡುಗಿ. ಇಂದಾಗಿದ್ದರೆ ನಮ್ಮಲ್ಲಿ ಎಂಟನೆಯ ಇಯತ್ತೆಯಲ್ಲಿರುತ್ತಿದ್ದರು. 1869ರಲ್ಲಿ ತಾಯಿ ತೀರಿಕೊಂಡರು. ತಮ್ಮ ತಂಗಿಯರ ಆರೈಕೆಯೂ ಮನೆಯ ಹೊಣೆಯೂ ಈ ಹಿರಿಯ ಮಗಳ ಮೇಲೆ ಬಿದ್ದವು. ಹಾಗಿದ್ದರೂ 1873ರಲ್ಲಿ ವೇಧಶಾಲೆಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿದರು. ಅವರಿಗೆ ಗೊತ್ತುಮಾಡಿದ 150 ರೂಪಾಯಿ ಸಂಬಳವು ಒಬ್ಬ ಅಡಿಗೆಯವನ ಅಥವಾ ಗಾಡಿ ಹೊಡೆಯುವವನ ಸಂಬಳಕ್ಕೆ ಸರಿಸಮವೆಂದು ಬರೆದಿರುವುದುಂಟು. ಇಪ್ಪತ್ತೈದು ವರ್ಷ ಅಲ್ಲಿ ದುಡಿದರು. 1881ರಿಂದ ಮದ್ರಾಸು ಸರಕಾರದ ಹವೆಯ ವರದಿಯ ಕೆಲಸವೂ ಅವರದಾಯಿತು.

1886ರಲ್ಲಿ ತಂದೆಯು ಮಗಳ ಹೆಸರನ್ನು ಅದೇ ಸೊಸಾಯಿಟಿಯ ಸದಸ್ಯತ್ವಕ್ಕೆ ಸೂಚಿಸಿದರು. ಸೊಸಾಯಿಟಿಯ ಸನದು 1831ರದು. ಅದರಲ್ಲಿ ಸದಸ್ಯರನ್ನು ಕುರಿತ ಸರ್ವನಾಮವು ಎಲ್ಲೆಲ್ಲಿಯೂ ಪುಲ್ಲಿಂಗದಲ್ಲಿತ್ತು. ಆದುದರಿಂದ ಸ್ತ್ರೀಯರ ಚುನಾವಣೆಯು ಕಾಯಿದೆಗೆ ಕೂಡದೆಂದು ವಕೀಲರು ಅಭಿಪ್ರಾಯಪಟ್ಟರು. ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ವ್ಯಾಕರಣದ ಪಾಠದಲ್ಲಿ ಲಿಂಗವಿಭಕ್ತಿಗಳನ್ನು ಏಕೆ ಕಲಿಯಬೇಕೆಂದು ಕೇಳುವ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು! ಆಕಾಶದ ಪಟ್ಟಿಯಲ್ಲಿ ಆಗ ಐಸಿಸ್, ಸ್ಯಾಫೋ, ಸಿಲ್ವಿಯಾ, ಕ್ಯಾಮಿಲಾ, ವೆರಾ ಎಂದು ಸ್ತ್ರೀಯರ ಹೆಸರುಗಳೇ ತುಂಬಿದ್ದವು. ಅವುಗಳ ಲೆಕ್ಕವನ್ನು ಮಾಡುವ ಸ್ತ್ರೀಗೆ ಮಾತ್ರ ಸಭೆಯ ಪುಸ್ತಕದಲ್ಲಿ ಎಡೆಯಿರಲಿಲ್ಲ. ಸೊಸಾಯಿಟಿಯ ಬಾಗಿಲು 1916ರಲ್ಲಿ ಸ್ತ್ರೀಯರಿಗೆ ತೆರೆಯಿತು. ಐಸಿಸ್ ಅವರು ಚುನಾಯಿತರಾದುದು 1920ರಲ್ಲಿ, ಮೊದಲ ಸೂಚನೆಯಾದ 34 ವರ್ಷಗಳ ಅನಂತರ. ಅಷ್ಟರಲ್ಲಿ ಅವರು ಕೆಲಸದಿಂದ ನಿವೃತ್ತರಾಗಿ ಎರಡು ದಶಕಗಳೇ ಕಳೆದಿದ್ದವು.

ಹಿರಿಯ ಮಗಳೆಂಬ ಕಾರಣದಿಂದ ಶಾಲೆಯನ್ನು ಬಿಡಿಸಲ್ಪಡುವ ಹುಡುಗಿಯರು ನಮ್ಮ ಹಾಜರಿ ಪುಸ್ತಕದಲ್ಲಿ ವರ್ಷವರ್ಷವೂ ಇರುತ್ತಾರೆ. ಅವರ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವ ಕೆಲಸ ನಮ್ಮದು. ಅವರ ಮನೆಗಳ ಅಡಚಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಣಿತದಲ್ಲಿ ಒಳ್ಳೆಯ ಗುಣ ಪಡೆದವಳನ್ನು ಬಿಡಿಸುವ ಮುನ್ನ ಪಾಲಕರು ಒಮ್ಮೆ ಶಾಲೆಗೆ ಬಂದು ನಮ್ಮೊಡನೆ ಮಾತನಾಡಬೇಕು. ಹಳೆಯ ವಿದ್ಯಾರ್ಥಿನಿಯರು ತಮ್ಮ ಊರುಗಳಲ್ಲಿ ಅಂಥ ಹುಡುಗಿಯ ಸುದ್ದಿಯನ್ನು ಕೇಳಿದರೆ ನಮಗೆ ಒಂದು ಪತ್ರ ಬರೆಯಬೇಕು. ಮನೆಗೆಲಸದೊಡನೆ ಅಭ್ಯಾಸವನ್ನು ನಡೆಸುವ ದಾರಿಗಳು ಇಂದು ಐಸಿಸ್ ಅವರ ಕಾಲಕ್ಕಿಂತ ಹೆಚ್ಚಾಗಿವೆ.

ಪಾಗ್ಸನ್ನರು 1891ರಲ್ಲಿ ಮದ್ರಾಸಿನಲ್ಲಿಯೇ ತೀರಿಕೊಂಡರು. ಶತಮಾನದ ಕೊನೆಯಲ್ಲಿ ವೇಧಶಾಲೆಯ ಕೆಲಸವು ಕೊಡೈಕನಾಲಿಗೆ ಸಾಗಿತು. ಅದರ ವಾರಸುದಾರ ಸಂಸ್ಥೆಯಾದ ಭಾರತೀಯ ಖಭೌತ ಸಂಸ್ಥೆಯು ಈಗ ಬೆಂಗಳೂರಿನ ಕೋರಮಂಗಲದಲ್ಲಿದೆ. ಆ ಸಂಸ್ಥೆಯ ಕಾವಲೂರಿನ ವೇಧಶಾಲೆಯಿಂದ ಆರ್. ರಾಜಮೋಹನ್ ಎಂಬವರು 1988ರ ಫೆಬ್ರುವರಿ 17ರಂದು ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ವೆರಾ ದೊರೆತು ಆಗ ನೂರ ಮೂರು ವರ್ಷಗಳಾಗಿದ್ದವು. 4130ನೆಯ ಕ್ರಮಾಂಕದ ಆ ಗ್ರಹಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರನ್ನಿಡಲಾಯಿತು.

ಸಿಲ್ವಿಯಾ ಸುಮಾರು 14 ತಿಂಗಳಿಗೊಮ್ಮೆ ಸೂರ್ಯನಿಗೆ ಎದುರಾಗಿ ಬರುತ್ತದೆ. ಆರು ಅಂಗುಲದ ದುರ್ಬೀನು, ಊರಿನ ದೀಪಗಳಿಂದ ದೂರವಾದ ಅಮಾವಾಸ್ಯೆಯ ರಾತ್ರಿ, ನಕಾಶೆ ಬರೆಯಲು ಒಂದು ಹಾಳೆ, ಇಷ್ಟಿದ್ದರೆ ಪಾಗ್ಸನ್ನರು ಮಾಡಿದಂತೆ ಅದನ್ನು ಎರಡು ಮೂರು ರಾತ್ರಿ ಹಿಂಬಾಲಿಸಬಹುದು. ಚೆನ್ನೈಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೂ ಸುಲಭವಾದ ಒಂದು ಕೆಲಸವನ್ನು ಹೇಳುತ್ತೇವೆ. ನುಂಗಂಬಾಕ್ಕಮಿನ ಹವಾಮಾನ ಕಚೇರಿಯ ಆವರಣದಲ್ಲಿ, ಹಳೆಯ ವೇಧಶಾಲೆಯ ದುರ್ಬೀನನ್ನು ಹೊತ್ತಿದ್ದ ಕಗ್ಗಲ್ಲಿನ ಕಂಬವು ಇನ್ನೂ ನಿಂತಿದೆ. ಅದರ ಮೇಲೆ ತಮಿಳು ತೆಲುಗುಗಳಲ್ಲಿಯೂ ಬರವಣಿಗೆಯಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಅಪ್ಪಣೆ ಕೇಳಿ ನೋಡಿಕೊಂಡು ಬನ್ನಿರಿ.